ಹೊಗೆ ನಿಂತ ಬೆಳಗು

"ನೋಡು, ನೋಡು! ಒಂದೇ ಒಂದು ಎಳೆ ಹೊಗೆ ಇದ್ರೆ ಹೇಳು!"

ಮಾವ ಸೊಸೆಯನ್ನು ಹೆಚ್ಚುಕಡಿಮೆ ಎಳೆದುಕೊಂಡೇ ತಾರಸಿಯ ಅಂಚಿಗೆ ಬಂದರು. ಬೀದಿಯಾಚೆ, ಊರಿನ ಕಸ ಸುಡುವ ಸ್ಥಾವರದ ಚಿಮಣಿ ಈಗಷ್ಟೇ ಚೂಪು ಮಾಡಿದ ಪೆನ್ಸಿಲಿನಂತೆ ನಿಂತಿತ್ತು. ಹಗಲಿರುಳು ಅದರ ಬಾಯಿಂದ ಉಕ್ಕುತ್ತಿದ್ದ ಬಿಳಿ ಹೊಗೆ ಮಂಗಮಾಯ. ನಿವೃತ್ತ ಡ್ರಾಯಿಂಗ್ ಮೇಷ್ಟ್ರಾದ ಮಾವ ಹೊಗೆ ವಿರೋಧಿ ಸಮಿತಿಯ ಅಧ್ಯಕ್ಷರು. ಗೆದ್ದ ಖುಷಿಗೆ ಇಡೀ ಬೀದಿಯನ್ನು ಚಹಾಕ್ಕೆ ಕರೆದಿದ್ದರು. ತಾರಸಿಯ ತುಂಬ ಜನ, ಎಲ್ಲರ ಕೈಯಲ್ಲೂ ಲೋಟ.

ಸೊಸೆ ಅದೇ ಸ್ಥಾವರದ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು, ಇವತ್ತು ರಜೆ. ತಲೆಗೆ ಸುತ್ತಿದ್ದ ಒದ್ದೆ ಟವೆಲ್ಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಕಣ್ಣು ಕಿರಿದು ಮಾಡಿ ನೋಡಿದಳು. ಚಿಮಣಿಯ ಬಾಯ ಮೇಲೆ ಗಾಳಿ, ಕಾದ ಕಾವಲಿಯ ಮೇಲಿನ ಹಾಗೆ ನಡುಗುತ್ತಿತ್ತು. ಅಂದರೆ ಕುಲುಮೆ ಉರಿಯುತ್ತಲೇ ಇದೆ. ಅವಳು ನಿಂತಲ್ಲಿಂದಲೇ ಮ್ಯಾನೇಜರಿಗೆ ಫೋನು ಮಾಡಿದಳು.

"ಸಾರ್, ಗಾಳಿ ತೊಳೆಯೋ ನೀರು ನಿಲ್ಲಿಸಿದ್ದೀರಾ?"

"ಮತ್ತೇನಮ್ಮಾ ಮಾಡ್ಲಿ? ಹೊಗೆ ಕಾಣಬಾರದು ಅಂತ ದಿನಾ ಗೇಟಿಗೆ ಬಂದು ಗಂಟಲು ಹರ್ಕೊಂಡಿದ್ದು ನಿಮ್ಮ ಮಾವನೇ ತಾನೆ? ಕಾಣದ ಹಾಗೆ ಮಾಡಿದೆ. ಮತ್ತೆ ಬೇಕು ಅಂದ್ರೆ ಅವರೇ ಬಾಯಿಬಿಟ್ಟು ಕೇಳಲಿ!"

ಅವಳು ಫೋನನ್ನು ಅಂಗೈಯಿಂದ ಮುಚ್ಚಿ ಮಾವನನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದಳು.

"ಅದು ಹೊಗೆ ಅಲ್ಲ ಮಾವ, ಹಬೆ. ಕಸ ಸುಟ್ಟ ಗಾಳೀನ ಸುಣ್ಣದ ನೀರಲ್ಲಿ ತೊಳೆದು ಹೊರಗೆ ಬಿಡ್ತೀವಿ. ಒದ್ದೆಯಾಗಿರುತ್ತಲ್ಲ, ಅದಕ್ಕೇ ಬೆಳ್ಳಗೆ ಕಾಣೋದು. ಈಗ ತೊಳೀದೇ ಬಿಡ್ತಿದ್ದಾರೆ."

"ತೊಳೀದಿದ್ರೆ ಏನಂತೆ?"

"ಪ್ಲಾಸ್ಟಿಕ್ ಪೈಪು ಸುಟ್ರೆ ಹೈಡ್ರೋಕ್ಲೋರಿಕ್ ಆಮ್ಲ. ರಬ್ಬರಿಂದ ಗಂಧಕದ ಡೈಆಕ್ಸೈಡ್. ಒಡೆದ ಟ್ಯೂಬ್‌ಲೈಟಿಂದ ಪಾದರಸ. ಯಾವುದೂ ಕಣ್ಣಿಗೆ ಕಾಣಲ್ಲ. ಗಾಳಿ ಬೇರೆ ನಮ್ಮ ಕಡೆಗೇ ಬೀಸ್ತಿದೆ."

ಮಾವನ ಮುಖ ಇಳಿಯಿತು. "ಇಷ್ಟು ವರ್ಷ ಹೊಗೆ ನಿಲ್ಲಿಸಿ ಅಂತ ಕೂಗಿದವನು ನಾನು ಕಣಮ್ಮಾ. ಈಗ ಬಿಡಿ ಅಂದ್ರೆ ಈ ಬೀದೀಲಿ ತಲೆ ಎತ್ತಿಕೊಂಡು ಓಡಾಡೋದು ಹೇಗೆ? ಜನ ಎಲ್ಲಾ ಹೋಗಲಿ, ಸಂಜೆ ಮೆಲ್ಲಗೆ..."

"ಸಂಜೆವರೆಗೂ ಉಸಿರು ಬಿಗಿಹಿಡ್ಕೊಂಡು ಇರ್ತೀರಾ?"

ಅಷ್ಟರಲ್ಲಿ ಟ್ಯಾಂಕಿನ ಆಚೆಯಿಂದ ನಗು ಕೇಳಿಸಿತು. ಎದುರುಮನೆಯ ದರ್ಜಿ ತನ್ನ ಕೈಗೂಸನ್ನು ಚಿಮಣಿಯತ್ತ ಎತ್ತಿ ಹಿಡಿದಿದ್ದ. "ಕುಡಿಯೋ ಮರಿ, ಹೊಟ್ಟೆ ತುಂಬ ಒಳ್ಳೇ ಗಾಳಿ ಕುಡಿ!"

ಮಾವ ಸೊಸೆಯ ಕೈಯಿಂದ ಫೋನು ಕಿತ್ತುಕೊಂಡರು. ಹಿಂದಿನ ಬೆಂಚಿನವರನ್ನು ಗದರಿಸುತ್ತಿದ್ದ ಹಳೆಯ ದನಿ ತಾನಾಗಿ ಬಂತು.

"ಹಲೋ! ನಾನು ಸಮಿತಿ ಅಧ್ಯಕ್ಷ. ಹೊಗೆ ಬಿಡ್ರೀ! ಹೂಂ, ಈಗಲೇ! ಬಿಡದೇ ಇದ್ರೆ ಗೇಟಿನ ಮುಂದೆ ಧರಣಿ ಕೂರ್ತೀನಿ!"

ತಾರಸಿಯಲ್ಲಿದ್ದವರೆಲ್ಲ ಟ್ಯಾಂಕಿನತ್ತ ತಿರುಗಿದರು. ಮಾವ ಮೊದಲು ದರ್ಜಿಯನ್ನೂ ಮಗುವನ್ನೂ ಕೆಳಗೆ ಕಳಿಸಿದರು; ದರ್ಜಿ ಮಗುವನ್ನು ಹೆಂಡತಿಗೊಪ್ಪಿಸಿ ಓಡೋಡಿ ವಾಪಸ್ ಬಂದ. ಮಾವ ಉಳಿದವರಿಗೆ ಸುಣ್ಣದ ನೀರು, ಆಮ್ಲ, ಪಾದರಸ ಎಲ್ಲವನ್ನೂ ಹುಟ್ಟುತ್ತಲೇ ಬಲ್ಲವರಂತೆ ವಿವರಿಸಿದರು. ಗಂಧಕವೊಂದು ಮರೆತಿತ್ತು, ಸೊಸೆ ಪಿಸುಗುಟ್ಟಿದಳು. ಸ್ವಲ್ಪ ಹೊತ್ತಿಗೆ ಚಿಮಣಿಯಿಂದ ಅರಳೆಯಂಥ ಒಂದು ಉಂಡೆ ಹೊರಬಿತ್ತು, ಅದರ ಹಿಂದೆ ಇನ್ನೊಂದು, ಆಮೇಲೆ ದಪ್ಪನೆಯ ಬಿಳಿ ಕಂಬವೇ ಎದ್ದು ನಿಂತಿತು. ಅದನ್ನು ಕಂಡು ಬೀದಿಗೆ ಬೀದಿಯೇ ನೆಮ್ಮದಿಯ ನಿಟ್ಟುಸಿರು ಬಿಟ್ಟಿದ್ದು ಇದೇ ಮೊದಲು.

ದರ್ಜಿ ಮಾತ್ರ ಖಾಲಿ ಲೋಟ ಹಿಡಿದು ಯೋಚಿಸುತ್ತಿದ್ದ.

"ಹಾಗಾದ್ರೆ ಮೇಷ್ಟ್ರೇ, ಬೆಳಗಿಂದ ನಾವು ಇಲ್ಲಿ ನಿಂತು ಸಂಭ್ರಮಪಟ್ಟಿದ್ದು ಯಾವುದಕ್ಕೆ?"

ಮಾವ ಉತ್ತರ ಹೇಳಲು ಬಾಯಿ ತೆರೆದರು. ಕೆಮ್ಮು ಬಂತು.