ಬಾಗಿಲಲ್ಲಿ ನಿಂತ ಗಾಡಿ

ಮಗಳನ್ನು ನೋಡಲು ಗಂಡಿನವರು ಬರುವ ದಿನ ಹೂವಿನ ವ್ಯಾಪಾರಿ ರಾಚಪ್ಪ ತನ್ನ ಸಣ್ಣ ಪಿಕಪ್ಪನ್ನು ಎದುರುಮನೆಯ ಮುಂದೆ ನಿಲ್ಲಿಸಿ, ಅವರ ಭಾರಿ ಗಾಡಿಯನ್ನು ತನ್ನ ಬಾಗಿಲಿಗೆ ತಂದುಕೊಂಡ. ಪಾಪ, ಎದುರುಮನೆಯವರು ತೊಳೆದೇ ಕೊಟ್ಟಿದ್ದರು.

“ನಮ್ ಗಾಡಿಗೇನಾಗಿದೆ ಅಪ್ಪಾ? ದಿನಾ ಹೂವೆಲ್ಲ ಅದ್ರಲ್ಲೇ ಹೋಗಲ್ವಾ?”

“ಸುಮ್ನಿರವ್ವಾ. ಬೀಗರಾಗೋರ ಮುಂದೆ ಮರ್ಯಾದೆ ಬೇಡ್ವಾ?”

ಉಪ್ಪಿಟ್ಟು, ಕೇಸರಿಬಾತು ಮುಗಿಯಿತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ನಕ್ಕದ್ದೂ ಆಯಿತು. ಹೊರಡುವಾಗ ಹುಡುಗನ ತಂದೆ ಗಾಡಿಯ ಮುಂದೆ ನಿಂತರು.

“ಹೂ ಸಾಗಿಸೋಕೆ ಇಷ್ಟು ದೊಡ್ಡದಾ? ಮೈಲೇಜ್ ಎಷ್ಟು ಬರುತ್ತೆ?”

“ಏಳೋ ಎಂಟೋ! ನಾವು ಡೀಸೆಲ್ ಲೆಕ್ಕ ನೋಡೋರಲ್ಲ ಬಿಡಿ.”

ಅವರು ತಲೆಯಾಡಿಸಿ, ಬೀದಿಯಾಚೆ ಕೈ ತೋರಿಸಿ ಮೆಲ್ಲಗೆ ಕೇಳಿದರು:

“ಆ ಸಣ್ಣ ಪಿಕಪ್ ಇಟ್ಟಿರೋ ಮನೇಲಿ ಮದುವೆಗೆ ಬಂದ ಹೆಣ್ಣಿದಾಳಾ?”