ಯಜಮಾನರ ರುಜು

ಬೆಟ್ಟವನ್ನು ಇನ್ನು ಮುಂದೆ ಬೆಟ್ಟದ ಜನರೂ ಸರ್ಕಾರವೂ ಸರಿಸಮವಾಗಿ ಆಳತಕ್ಕದ್ದೆಂದು ಒಪ್ಪಂದವಾದ ವಾರವೇ ಬೆಟ್ಟದವರ ಯಜಮಾನ ಜಡೇಗೌಡ ತೀರಿಕೊಂಡ. ಆ ಒಪ್ಪಂದಕ್ಕಾಗಿ ಅವನು ಆಯುಸ್ಸನ್ನೇ ಸವೆಸಿದ್ದ. ಎರಡೂ ಕಡೆಯವರನ್ನು ಕೇಳದೆ ಯಾರೂ ಬೆಟ್ಟದ ಮಣ್ಣು ಮುಟ್ಟಬಾರದೆಂದು ಹಟ ಹಿಡಿದು ಬರೆಸಿದವನೂ ಅವನೇ. ಹಿರಿಯರ ಮಗ್ಗುಲಲ್ಲಿ ಅವನಿಗೆ ಗುಂಡಿ ತೋಡಿಸಲು ಹೆಂಡತಿ ಕೇತಮ್ಮ ಹೊರಟಾಗ ಸರ್ಕಾರದ ಅಧಿಕಾರಿ ಏದುಸಿರು ಬಿಡುತ್ತ ಬಂದ.

"ತಡೀರಮ್ಮ, ಇಲ್ಲಿ ನೆಲ ಅಗೆಯೋಕೆ ಎರಡೂ ಕಡೆಯವರ ರುಜು ಬೇಕು. ನಮ್ಮ ಕಡೇದು ನಾನು ಹಾಕಿದ್ದೀನಿ. ನಿಮ್ಮ ಕಡೆಯಿಂದ ಯಜಮಾನರು ಹಾಕಬೇಕು."

"ಯಜಮಾನ್ರು ಚಟ್ಟದ ಮೇಲವ್ರಲ್ಲ ಸ್ವಾಮಿ!"

"ಹಾಗಾದ್ರೆ ಹೊಸಬರನ್ನ ಆರಿಸಿ."

"ಹಳಬ್ರು ಮಣ್ಣಿಗೆ ಹೋಗೋಗಂಟ ಹೊಸಬ್ರನ್ನ ಕೂರಿಸೋ ಹಂಗಿಲ್ಲ. ಅದು ನಮ್ಮ ಕಟ್ಟಳೆ. ಅದನ್ನ ಮುರೀಬಾರ್ದು ಅಂತ ಒಪ್ಪಂದದಲ್ಲೇ ಐತಲ್ಲ."

ಅಧಿಕಾರಿ ತಲೆಯ ಮೇಲೆ ಕೈ ಹೊತ್ತು ಕುಳಿತ. ಬಿಸಿಲೇರಿತು. ಹೆಣಕ್ಕೆ ನೊಣಗಳು ಮುತ್ತತೊಡಗಿದವು. ಕೇತಮ್ಮನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಒತ್ತರಿಸಿ ಬಂದವು.

"ನಿಮ್ಮ ಸಾಹೇಬ್ರು ಇಲ್ದಾಗ ರುಜು ಯಾರು ಹಾಕ್ತಾರೆ?"

"ಅವರು ರಜೆ ಹಾಕಿದ್ರೆ ಇನ್ನೊಬ್ಬರು ಇನ್‌ಚಾರ್ಜ್ ಇರ್ತಾರೆ."

"ಹಂಗಾರೆ ನಮ್ಮೋರೂ ರಜೆ ಹಾಕವ್ರೆ ಅಂತ ಬರ್ಕಳಿ. ನಾನೇ ಇನ್‌ಚಾರ್ಜು."

ಅಧಿಕಾರಿಯ ಮುಖ ಅರಳಿತು. ಅವಳ ರುಜು ಹಾಕಿಸಿಕೊಂಡ. ಹೆಣಕ್ಕೆ ಭಕ್ತಿಯಿಂದ ಕೈಮುಗಿದ. ಗುದ್ದಲಿ ಎತ್ತಿದವರನ್ನು ಒಂದು ನಿಮಿಷ ತಡೆದು, ಪೆನ್ನು ಹಿಡಿದುಕೊಂಡೇ ಕೇಳಿದ:

"ಡ್ಯೂಟಿಗೆ ವಾಪಸ್ ಯಾವತ್ತು ಬರ್ತಾರೆ ಅಂತ ಹಾಕಲಿ, ಅಮ್ಮ?"