ಕದಲದ ಮೇಷ್ಟ್ರು

ಗಂಟೆ ಹೊಡೆದು ಇಪ್ಪತ್ತು ನಿಮಿಷವಾದರೂ ಹದಿನೇಳನೇ ಕೋಣೆಯಿಂದ ಹೊಸ ಮೇಷ್ಟ್ರು ಹೊರಗೆ ಬರಲಿಲ್ಲ. ತರಬೇತಿ ಮೇಡಂ ಆ ಕಡೆಗೆ ಓಡಿದಳು. ಹೋಯಿತು. ಈ ಪುಣ್ಯಾತ್ಮನೂ ಪರಾರಿ.

ನಾವಿಕ ಕಾಲೇಜಿಗೆ ಮೇಷ್ಟ್ರುಗಳನ್ನು ಹುಡುಕಿ ತಂದು, ಪಾಠ ಮಾಡುವುದನ್ನು ಕಲಿಸಿ, ತರಗತಿಗೆ ಬಿಡುವುದು ಆಕೆಯ ಕೆಲಸ. ಸಮುದ್ರ ಕಂಡವರೇ ಪಾಠ ಮಾಡಬೇಕೆಂದು ನಿಯಮ. ಸಮುದ್ರ ಕಂಡವರಿಗೋ ತರಗತಿ ಕಂಡರೆ ಆಗದು. ಮೊದಲು ಬಂದ ಎಂಜಿನಿಯರು ಚಾಕ್‌ಪೀಸ್ ತರುತ್ತೇನೆಂದು ಹೋದವರು, ಎರಡು ವಾರದ ಮೇಲೆ ಯಾವುದೋ ಬಂದರಿನಿಂದ ಫೋನ್ ಮಾಡಿ ಕ್ಷಮೆ ಕೇಳಿದ್ದರು. ಎರಡನೆಯವರು ಕ್ಷಮೆಯನ್ನೂ ಕೇಳಲಿಲ್ಲ. "ಮೂರನೆಯವರೂ ಹೋದ್ರೆ ಅವರ ಹಿಂದೇನೇ ನೀವೂ ಹೊರಡಿ ಮೇಡಂ," ಎಂದಿದ್ದರು ಪ್ರಿನ್ಸಿಪಾಲರು. ಅವರಿಗೆ ತಮಾಷೆ ಮಾಡುವ ಅಭ್ಯಾಸವಿರಲಿಲ್ಲ.

ಮೂರನೆಯವರು ಮೇಟ್ ಸಾಹೇಬರು. ಸರಕು ಹಡಗಿನಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಕ್ಯಾಪ್ಟನ್ ಬಿಟ್ಟರೆ ಅವರದೇ ಮಾತು. ಹತ್ತು ದಿನ ಆಕೆಯ ತರಬೇತಿಯಲ್ಲಿ ಕೂತು ಒಂದೇ ಒಂದು ಪ್ರಶ್ನೆ ಕೇಳದೆ ಎದ್ದುಹೋಗಿದ್ದರು. ಇಂದು ಬೆಳಿಗ್ಗೆ ಒಂಬತ್ತಕ್ಕೆ ಅವರ ಮೊದಲ ಪಾಠ.

ಆಕೆ ಬಾಗಿಲಿನ ಗಾಜಿಗೆ ಮೂಗು ಒತ್ತಿದಳು. ಇದ್ದಾರೆ! ಬೋರ್ಡಿನ ಮುಂದೆ ಕೋಲು ಹಿಡಿದು, ಸರಕು ಒಂದೇ ಮಗ್ಗುಲಿಗೆ ಜಾರಿದರೆ ಹಡಗು ಹೇಗೆ ವಾಲುತ್ತದೆಂದು ತಾವೇ ವಾಲಿ ತೋರಿಸುತ್ತಿದ್ದಾರೆ. ನಲವತ್ತೊಂದು ವಿದ್ಯಾರ್ಥಿಗಳು ಅವರ ಜೊತೆ ವಾಲುತ್ತಿದ್ದಾರೆ.

ಅಷ್ಟರಲ್ಲಿ ಗಣಿತದ ಮೇಷ್ಟ್ರು ತಡವಾಗಿ ಏದುಸಿರು ಬಿಡುತ್ತಾ ಬಂದರು.

"ದಾರಿ ಬಿಡಿ ಮೇಡಂ, ಇದು ನನ್ನ ಕ್ಲಾಸು."

"ಇವತ್ತು ಅಲ್ಲ. ನೋಡಿ, ಆ ಮನುಷ್ಯ ಮೈಮರೆತು ಪಾಠ ಮಾಡ್ತಿದ್ದಾರೆ. ಕೆಡಿಸಬೇಡಿ."

"ಮತ್ತೆ ನನ್ನ ಪಾಠ?"

"ನಿಮ್ಮ ಪಾಠ ಎಲ್ಲಿಗೆ ಓಡಿಹೋಗುತ್ತೆ? ಕ್ಯಾಂಟೀನಿಗೆ ಹೋಗಿ ಸಾರ್, ಚಹಾ ನಾನು ಕುಡಿಸ್ತೀನಿ."

ಮೂವತ್ತು ವರ್ಷದ ಸರ್ವಿಸ್ಸಿನಲ್ಲಿ ಇಂಥ ಭಾಗ್ಯ ಕಂಡಿರದ ಗಣಿತದ ಮೇಷ್ಟ್ರು, ಆಕೆ ಮನಸ್ಸು ಬದಲಿಸುವ ಮೊದಲೇ ಮೆಟ್ಟಿಲಿಳಿದರು. ಹನ್ನೊಂದಕ್ಕೆ ಬಂದ ಇಂಗ್ಲಿಷ್ ಮೇಷ್ಟ್ರನ್ನೂ ಹನ್ನೆರಡಕ್ಕೆ ಬಂದ ಡ್ರಾಯಿಂಗ್ ಮೇಷ್ಟ್ರನ್ನೂ ಆಕೆ ಹಾಗೇ ಅಟ್ಟಿದಳು.

ಒಳಗೆ ಮೇಟ್ ಸಾಹೇಬರು ಒಂದು ಕ್ಷಣವೂ ಕೂರಲಿಲ್ಲ. ಕುರ್ಚಿಯನ್ನು ಮೂಲೆಗೆ ತಳ್ಳಿಬಿಟ್ಟಿದ್ದರು. 'ಕೂತು ಪಾಠ ಮಾಡಬೇಡಿ', ಅದು ತರಬೇತಿಯ ಏಳನೇ ದಿನ. ಒಬ್ಬ ವಿದ್ಯಾರ್ಥಿಯನ್ನು ಕಿಟಕಿಯ ಬಳಿ ನಿಲ್ಲಿಸಿ ಹೊರಗೇ ಕಣ್ಣಿಡಲು ಹೇಳಿದ್ದರು. ಅರ್ಧ ಗಂಟೆಗೊಮ್ಮೆ ಬೇರೊಬ್ಬ. 'ವಿದ್ಯಾರ್ಥಿಗಳ ಕೈಗೆ ಕೆಲಸ ಕೊಡಿ', ಮೂರನೇ ದಿನ. ಗಂಟೆಗೊಮ್ಮೆ ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದರು. 'ನಿಮ್ಮ ಪಾಠವನ್ನು ನೀವೇ ವಿಮರ್ಶಿಸಿಕೊಳ್ಳಿ', ಒಂಬತ್ತನೇ ದಿನ. ಆಕೆಗೆ ತನ್ನ ಮೇಲೆ ತನಗೇ ಗೌರವ ಹುಟ್ಟಿತು.

ಒಂದು ಗಂಟೆಗೆ ಬಾಗಿಲು ಅರ್ಧ ತೆರೆದು ನೀರಿನ ಬಾಟಲಿ ಚಾಚಿದಳು. ಮೇಟ್ ಸಾಹೇಬರು ನಿಂತೇ ಗಟಗಟ ಕುಡಿದರು.

"ಮೇಡಂ, ಇನ್ನೂ ಯಾರೂ ಬರಲಿಲ್ಲವಲ್ಲ?" ದನಿ ಪಾತಾಳಕ್ಕಿಳಿದಿತ್ತು.

ಪಾಪ, ಇಷ್ಟು ಚೆಂದದ ಪಾಠ ಯಾರೂ ನೋಡಲಿಲ್ಲವೆಂಬ ಕೊರಗು. "ಬರ್ತಾರೆ ಸಾರ್. ಪ್ರಿನ್ಸಿಪಾಲರನ್ನೇ ಕರ್ಕೊಂಡು ಬರ್ತೀನಿ. ನಿಮಗೆ ಸುಸ್ತಾಗಿದ್ರೆ..."

"ಸುಸ್ತಾದ್ರೆ? ಇವರನ್ನ ಹೀಗೇ ನಡುನೀರಲ್ಲಿ ಬಿಟ್ಟು ಹೋಗೋಕಾಗುತ್ತಾ?"

ಸಾಹೇಬರ ಬೆನ್ನ ಹಿಂದೆ, ಮುಂದಿನ ಬೆಂಚಿನವನೊಬ್ಬ ಆಕೆಯತ್ತ ನೋಡಿ ಕೈಮುಗಿಯುತ್ತಿದ್ದ. ಎಂಥ ಗುರುಭಕ್ತಿ, ಅಂದುಕೊಂಡಳು.

ಪ್ರಿನ್ಸಿಪಾಲರು ಊಟದ ಡಬ್ಬಿ ಬಿಚ್ಚಿದ್ದರು.

"ನಾಲ್ಕು ಗಂಟೆ ಒಂದೇ ಸಮನೆ ಪಾಠಾನಾ? ಬದುಕಿದ್ದಾರಾ?"

"ಗಟ್ಟಿಮುಟ್ಟಾಗಿದ್ದಾರೆ ಸಾರ್."

"ಅವರಲ್ಲ ರೀ, ವಿದ್ಯಾರ್ಥಿಗಳು."

ಡಬ್ಬಿ ಮುಚ್ಚಿ ಬಂದು ಗಾಜಿನಲ್ಲಿ ಇಣುಕಿದರು. ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. "ಮೇಡಂ, ಇವರನ್ನ ಇವತ್ತೇ ಕಾಯಂ ಮಾಡ್ತೀನಿ. ನೀವೂ ಎಲ್ಲಿಗೂ ಹೋಗಬೇಡಿ. ಬನ್ನಿ, ಅವರ ಬೆನ್ನು ತಟ್ಟೋಣ."

ಇಬ್ಬರೂ ಒಳಗೆ ಕಾಲಿಟ್ಟರು. ಮೇಟ್ ಸಾಹೇಬರ ಮುಖ, ಕಳೆದುಹೋದ ಮಗು ತಾಯಿಯನ್ನು ಕಂಡಂತೆ ಅರಳಿತು. ಸೆಟೆದು ನಿಂತು ಸಲ್ಯೂಟ್ ಹೊಡೆದರು. ಕೋಲನ್ನೂ ನೋಟ್‌ಬುಕ್ಕನ್ನೂ ಪ್ರಿನ್ಸಿಪಾಲರ ಕೈಗಿಟ್ಟರು.

"ಒಟ್ಟು ನಲವತ್ತೊಂದು ಜನ ಸಾರ್. ಒಬ್ಬ ಕಿಟಕಿ ಹತ್ರ, ಇಬ್ಬರು ಟಾಯ್ಲೆಟ್ಟಿನಲ್ಲಿ, ಆರು ಜನ ನಿದ್ದೆಯಲ್ಲಿ. ಕಣ್ಣಿಗೆ ಕಾಣೋಷ್ಟು ದೂರ ಅಪಾಯ ಏನೂ ಇಲ್ಲ. ವಹಿಸ್ಕೊಂಡ್ರಾ?"

ಪ್ರಿನ್ಸಿಪಾಲರಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಸಲ್ಯೂಟಿಗೆ ಮರ್ಯಾದೆ ಕೊಡಬೇಕಲ್ಲ ಎಂದು, "ವಹಿಸ್ಕೊಂಡೆ," ಅಂದರು.

ಮೇಟ್ ಸಾಹೇಬರು ಬ್ಯಾಗು ಹೆಗಲಿಗೇರಿಸಿ ಮೇಡಂಗೆ ಕೈಮುಗಿದರು.

"ಬರ್ತೀನಮ್ಮ, ಈ ಕೆಲಸ ನನಗೆ ಬೇಡ. ಮೊದಲ ಹತ್ತು ನಿಮಿಷಕ್ಕೇ ಓಡಿಹೋಗೋಣ ಅನ್ನಿಸಿತ್ತು, ಆದ್ರೆ ಬದಲಿಯವರು ಬಂದು ವಹಿಸ್ಕೊಳ್ಳದೆ ಪಾಳಿ ಬಿಟ್ಟು ಕದಲೋದು ಹಡಗಿನವನ ಕೈಲಾಗಲ್ಲ. ಇಷ್ಟು ಹೊತ್ತಾದ್ರೂ ಒಬ್ಬ ಮೇಷ್ಟ್ರನ್ನೂ ಒಳಗೆ ಕಳಿಸಲಿಲ್ಲವಲ್ಲ ತಾಯಿ ನೀವು!"